ಕ್ಯಾಮೆರಾಗೆ ತೋಡಿದ ಗುಂಡಿ

ಕಳೆದ ತಿಂಗಳು ಕೊಳ್ಳೇಗಾಲದಿಂದ ಬಂದ ನನ್ನ ತಮ್ಮ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು ಹೇಳಿದ: "ಅಕ್ಕಾ, ನಿನ್ನ ಕ್ಯಾಮೆರಾ ಸಾಹೇಬ್ರು ಓಗ್ಬುಟ್ರಂತೆ ಕಣಕ್ಕ. ಪೇಪರ್‌ನಲ್ಲಿ ಫೋಟೋ ಬಂದದೆ."

"ನಿನ್ನ" ಅಂದದ್ದು ಚುಚ್ಚಿತು. ಅವರು ನನಗೇನೂ ಆಗಬೇಕಾದವರಲ್ಲ. ಹೆಸರು ಬರೆಯುವುದಿಲ್ಲ, ಸಿನಿಮಾ ನೋಡುವ ಅಭ್ಯಾಸವಿದ್ದವರು ಪರದೆಯ ಮೇಲೆ ಆ ಹೆಸರನ್ನು ಎಷ್ಟೋ ಸಲ ಕಂಡಿರುತ್ತಾರೆ. ನನ್ನ ಮುಖ ನೋಡಿ ತಮ್ಮ, ಸತ್ತವರ ಮೇಲೆ ಇನ್ನೂ ಎಂಥ ಸಿಟ್ಟಕ್ಕ ಎಂದ. ಅವರು ಕೆಟ್ಟ ಮನುಷ್ಯರಾಗಿದ್ದರೆ ಈ ಸಿಟ್ಟು ಎಂದೋ ಆರಿಹೋಗುತ್ತಿತ್ತು. ಒಳ್ಳೆಯವರಾಗಿದ್ದರು, ನನಗೆ ತುಂಬ ಬೇಕಾದವರಾಗಿದ್ದರು, ಅದೇ ನನ್ನ ತಕರಾರು.

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ಕಚೇರಿಗಳ ಬೋರ್ಡು ತಮಿಳಿನಿಂದ ಕನ್ನಡಕ್ಕೆ ಬದಲಾಗಿದ್ದವು. ನಮ್ಮ ನೇಕಾರರ ಬೀದಿಯಲ್ಲಿ ಒಂದೇ ಮಾತು: ರೇಷ್ಮೆ ಸೀರೆಗೂ ಕರೆಂಟು ಮಗ್ಗ ಬರುತ್ತದಂತೆ, ಕಾರ್ಖಾನೆ ಕಟ್ಟುತ್ತಾರಂತೆ, ಕೈಮಗ್ಗದವರನ್ನು ಏನು ಮಾಡಬೇಕೆಂದು ತೀರ್ಮಾನಿಸುವ ಮೊದಲು ದೊಡ್ಡ ಅಧಿಕಾರಿಗಳು ನಮ್ಮ ಕೆಲಸವನ್ನು ಒಂದು ಪಿಕ್ಚರ್ ಮಾಡಿಸಿ ನೋಡುತ್ತಾರಂತೆ. ಆ ಪಿಕ್ಚರ್ ತೆಗೆಯಲು ಬಂದವರು ಇವರು.

ನಾನಾಗ ಯಳಂದೂರಿನ ಪ್ರೈಮರಿ ಸ್ಕೂಲಿನಲ್ಲಿ ಟೀಚರು. ವಾರವೆಲ್ಲ ಚಿಕ್ಕಮ್ಮನ ಮನೆಯಲ್ಲಿದ್ದು ಶನಿವಾರದ ಬಸ್ಸಿಗೆ ಊರಿಗೆ ಬರುತ್ತಿದ್ದೆ. ಅವರು ಬಂದಾಗ ಬೇಸಿಗೆ ರಜೆ, ನಾನು ಮನೆಯಲ್ಲೇ ಇದ್ದೆ. ತೆಳ್ಳನೆಯ ಆಳು, ಮೈಸೂರಿನ ಕಡೆಯ ಮೆತ್ತನೆ ಮಾತು, ಬಾಯಲ್ಲಿ ಸದಾ ಒಂದು ಲವಂಗ. ಬಿಸಿಲಿಗೆ ಕ್ಯಾಮೆರಾ ಕಾಯದಿರಲೆಂದು ಅದರ ಮೇಲೆ ಒದ್ದೆ ವಸ್ತ್ರ ಹೊದಿಸುತ್ತಿದ್ದರು. ನಮ್ಮ ಅವ್ವ, "ಅದುಕ್ಕೂ ಸೆಕೆ ಆಯ್ತದಾ ಸಾ?" ಎಂದು ಕೇಳಿದಾಗ, "ನಿಮಗಿಂತ ಜಾಸ್ತಿ ತಾಯಿ, ಪಾಪ ಅದಕ್ಕೆ ಬಾಯಿಲ್ಲ" ಎಂದರು. ಅಂದಿನಿಂದ ಅವ್ವ ಮಜ್ಜಿಗೆ ತರುವಾಗ ಕ್ಯಾಮೆರಾದ ವಸ್ತ್ರಕ್ಕೂ ಒಂದು ಚೊಂಬು ತಣ್ಣೀರು ತರುತ್ತಿದ್ದಳು.

ಅವರಿಗೊಂದು ಅಭ್ಯಾಸವಿತ್ತು. ಮಕ್ಕಳ ಜೊತೆ ನಿಂತು ಮಾತನಾಡುತ್ತಿರಲಿಲ್ಲ. ಬೀದಿಯಲ್ಲೇ ಆಗಲಿ, ಧೂಳಿನಲ್ಲೇ ಆಗಲಿ, ತಟ್ಟನೆ ಕುಕ್ಕುರುಗಾಲಲ್ಲಿ ಕೂತು ಮುಖಕ್ಕೆ ಮುಖ ಕೊಟ್ಟು ಕೇಳುವರು, "ಏನಪ್ಪಾ ಸಮಾಚಾರ?" ಹುಡುಗರು ಅವರಿಗೆ ಕುಕ್ಕುರುಗಾಲು ಸಾಹೇಬ್ರು ಎಂದು ಹೆಸರಿಟ್ಟರು. ಅವರಿಗೆ ಅದು ಗೊತ್ತಿತ್ತು, ಖುಷಿಯೂ ಇತ್ತು.

ಬೀದಿಯಲ್ಲೆಲ್ಲ ನುರಿತ ನೇಕಾರನೆಂದರೆ ನನ್ನ ಅಪ್ಪ. ಆದ್ದರಿಂದ ಅವರಿಗೆ ಅಪ್ಪನ ಮಗ್ಗವೇ ಬೇಕಿತ್ತು. ಅಪ್ಪ ಒಪ್ಪಲಿಲ್ಲ. ಹೊರಗಿನವರು ಮಗ್ಗದ ಮುಂದೆ ನಿಂತು ನೋಡಿದರೆ ಅಪ್ಪನ ಕೈ ಓಡುತ್ತಿರಲಿಲ್ಲ. "ಬ್ಯಾರೆಯವ್ರ ಮನೇಲಿ ತಕಳಿ ಸಾ, ನಂದು ಬ್ಯಾಡ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಇವರು ಬೇಜಾರು ಮಾಡಿಕೊಳ್ಳಲಿಲ್ಲ. ದಿನಾ ಸಂಜೆ ಟ್ರಾವೆಲರ್ಸ್ ಬಂಗಲೆಯಿಂದ ನಡೆದು ಬಂದು ನಮ್ಮ ಜಗಲಿಯಲ್ಲಿ ಕೂರುವರು. ಹಾಗೆ ಕೂತಾಗಲೇ ನನಗೆ ಪಾಠ ಶುರುವಾದದ್ದು.

"ಟೀಚರಮ್ಮ, ನಿಮ್ಮ ಸ್ಕೂಲಲ್ಲಿ ಹೆಡ್‌ಮಾಸ್ಟರ್ ಕುರ್ಚಿ ಎಲ್ಲಿರುತ್ತೆ?"

"ಕಟ್ಟೆ ಮೇಲೆ."

"ಮಕ್ಕಳು?"

"ನೆಲದ ಮೇಲೆ."

"ಅಷ್ಟೇ ನೋಡಿ ನನ್ನ ವಿದ್ಯೆ. ಕ್ಯಾಮೆರಾನ ಕೆಳಗಿಟ್ಟು ಮೇಲಕ್ಕೆ ನೋಡಿದರೆ ಎದುರಿಗಿರೋರು ದೊಡ್ಡೋರಾಗ್ತಾರೆ. ಮೇಲಿಟ್ಟು ಕೆಳಕ್ಕೆ ನೋಡಿದರೆ ಎಂಥ ಗಂಡಸೂ ಬಡಪಾಯಿ. ಬಾಯಿ ಬಿಟ್ಟು ಒಂದು ಮಾತೂ ಹೇಳಬೇಕಾಗಿಲ್ಲ. ನೋಡಿದೋರು ಅದು ತಮ್ಮದೇ ಅಭಿಪ್ರಾಯ ಅಂದ್ಕೋತಾರೆ."

ನನಗೆ ಹುಚ್ಚು ಹಿಡಿಯಿತು. ಮರುದಿನ ಟೆಂಟಿನಲ್ಲಿ ಒಂದು ಪಿಕ್ಚರ್‌ಗೆ ನನ್ನನ್ನೂ ಅವ್ವನನ್ನೂ ಕರೆದುಕೊಂಡು ಹೋದರು. "ಕಥೆ ಬಿಡಿ, ಕ್ಯಾಮೆರಾ ಎಲ್ಲಿ ಕೂತಿದೆ ಅಂತ ಮಾತ್ರ ನೋಡಿ" ಎಂದು ಮೊದಲೇ ಹೇಳಿದ್ದರು. ಸೊಸೆ ತವರಿಗೆ ಹೊರಟು ನಿಂತ ಕಡೆ ಅವ್ವ ಸೆರಗಿನಲ್ಲಿ ಮೂಗೊರೆಸುತ್ತಿದ್ದರೆ ನಾನು, "ಅವ್ವಾ, ಅತ್ತೇನ ಕೆಳಗಿಂದ ತೋರಿಸ್ತಾವ್ರೆ, ಸೊಸೇನ ಮೇಲಿಂದ ತೋರಿಸ್ತಾವ್ರೆ ನೋಡು!" ಎಂದು ಕೂಗಿದೆ. ಅವ್ವ ನನ್ನ ತೊಡೆ ಚಿವುಟಿದಳು. "ಅಳಾಕೂ ಬಿಡಲ್ವಲ್ಲ ನೀನು!" ಹಿಂದಿನ ಬೆಂಚಿನಲ್ಲಿ ಅವರು ನಗು ತಡೆಯಲಾರದೆ ಕೆಮ್ಮುತ್ತಿದ್ದರು. ಆ ಸಂಜೆಯಿಂದ ನಾನು ಮುಗ್ಧವಾಗಿ ಒಂದು ಸಿನಿಮಾ ನೋಡಿಲ್ಲ.

ಇನ್ನೊಂದು ದಿನ ಸತ್ತೇಗಾಲದ ಹತ್ತಿರ ಹೊಳೆ ಚಿತ್ರ ತೆಗೆದು ಬಂದು, ಸುಸ್ತಾಗಿ ಕಾಲು ಚಾಚಿ ಕೂತು, ಮತ್ತೊಂದು ಗುಟ್ಟು ಹೇಳಿದರು. ಒಬ್ಬ ಹೆಂಗಸಿನ ಸುಮ್ಮನಿರುವ ಮುಖ. ಅದಾದ ಮೇಲೆ ಖಾಲಿ ತಟ್ಟೆ ತೋರಿಸಿದರೆ ಪಾಪ ಹಸಿದಿದ್ದಾಳೆ ಅನ್ನುತ್ತೀರಿ. ಅದೇ ಮುಖ ಆದಮೇಲೆ ತೊಟ್ಟಿಲು ತೋರಿಸಿದರೆ ಎಂಥ ತಾಯಿ ಅನ್ನುತ್ತೀರಿ. ಮುಖ ಒಂದೇ. ಪಕ್ಕದಲ್ಲಿ ಏನು ಜೋಡಿಸಿದರು ಅನ್ನುವುದರ ಮೇಲೆ ಎಲ್ಲ. "ಹಾಗಾದರೆ ಮೋಸ ಮಾಡೋದು ಸುಲಭ" ಎಂದೆ. ಅವರು ಲವಂಗ ಅಗಿಯುವುದನ್ನು ನಿಲ್ಲಿಸಿ, "ತುಂಬ ಸುಲಭ ಟೀಚರಮ್ಮ. ಅದಕ್ಕೇ ಮರ್ಯಾದಸ್ಥರು ಈ ಕೆಲಸಕ್ಕೆ ಬರಬೇಕು" ಎಂದರು. ನಾನು ಆ ಮಾತನ್ನು ನಂಬಿದೆ. ಈಗಲೂ ಆ ಸಂಜೆಯ ಅವರ ಮುಖ ನೆನೆದರೆ ಸುಳ್ಳು ಹೇಳುತ್ತಿದ್ದರು ಅನ್ನಿಸುವುದಿಲ್ಲ.

ಅಪ್ಪನನ್ನು ಒಪ್ಪಿಸಿದ್ದು ನಾನು. ಈ ಮನುಷ್ಯರಿಗೆ ಎಲ್ಲಿ ನಿಂತು ನೋಡಬೇಕು ಅನ್ನುವುದು ಗೊತ್ತಿದೆ, ಸರ್ಕಾರ ನಮ್ಮನ್ನು ಹೇಗಿದ್ದರೂ ನೋಡುತ್ತದೆ, ಇವರ ಕಣ್ಣಿನಿಂದಲೇ ನೋಡಲಿ ಎಂದೆ. ಅಪ್ಪ ಅರ್ಧ ಮನಸ್ಸಿನಿಂದ ಹೂಂ ಅಂದರು. ಇನ್ನರ್ಧ ಮನಸ್ಸನ್ನು ಸಾಹೇಬರೇ ಗೆದ್ದರು.

ನಮ್ಮದು ಗುಂಡಿಮಗ್ಗ. ನೇಯುವವರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಸೀರೆ ನೆಲದಿಂದ ಗೇಣು ಮೇಲೆ ಹಾಸಿರುತ್ತದೆ. ನಿಂತು ನೋಡಿದ ಯಾರಿಗೇ ಆಗಲಿ ನೇಕಾರನ ನೆತ್ತಿಯೇ ಕಾಣುವುದು. ಅವರು ಕ್ಯಾಮೆರಾ ಹಿಡಿದು ಮಗ್ಗದ ಸುತ್ತ ತಿರುಗಿದರು, ಕುಕ್ಕುರುಗಾಲಲ್ಲಿ ಕೂತರು, ನೆಲದ ಮೇಲೆ ಮಲಗಿದರು, ಯಾವುದೂ ಹೊಂದಲಿಲ್ಲ. ಕೊನೆಗೆ ಎದ್ದು ಅಂಗಿಯ ಧೂಳು ಕೊಡವಿ, "ಯಜಮಾನರೇ, ನಿಂತು ತೆಗೆದರೆ ನಾನು ನಿಮ್ಮನ್ನ ಮೇಲಿಂದ ನೋಡಿದ ಹಾಗಾಗುತ್ತೆ. ನಿಮ್ಮ ಸಮಕ್ಕೆ ಬರಬೇಕಾದರೆ ನಾನೂ ಗುಂಡಿಗೆ ಇಳೀಬೇಕು" ಎಂದರು.

ಅಪ್ಪ ಒಳಗೆ ಹೋಗಿ ಹಾರೆ ತಂದರು. ಮಗ್ಗದ ಎದುರಿಗೆ, ಸೀರೆಯ ಆಚೆ ತುದಿಯಲ್ಲಿ, ಸಗಣಿ ಸಾರಿಸಿದ ನಡುಮನೆಯ ನೆಲವನ್ನು ತಾವೇ ಅಗೆದರು. ನಮ್ಮಲ್ಲಿ ಹೊಸ ಮಗ್ಗಕ್ಕೆ ಗುಂಡಿ ತೋಡಿದರೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಆಮೇಲೆ ಕಾಲಿಡುವುದು. ಅವ್ವ ಕ್ಯಾಮೆರಾದ ಗುಂಡಿಗೂ ಕಾಯಿ ಒಡೆದಳು. ಬೀದಿಯವರೆಲ್ಲ ನೋಡಲು ಬಂದರು. ಸಾಹೇಬರು ಚಪ್ಪಲಿ ಬಿಟ್ಟು, ಗುಂಡಿಯ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಇಳಿದರು. ಅಪ್ಪನಿಗೂ ಅವರಿಗೂ ಈಗ ಕಣ್ಣಿನ ಮಟ್ಟ ಒಂದೇ ಆಯಿತು, ನಡುವೆ ಹಾಸಿದ ರೇಷ್ಮೆ.

ದಿನಗಟ್ಟಲೆ ಹಾಗೆ ತೆಗೆದರು. ಅಪ್ಪನ ಬೆರಳು, ಲಾಳಿ ಓಡುವ ದಾರಿ, ಜರಿ ಎಳೆ ತುಂಡಾದಾಗ ಅಪ್ಪ ಹುಬ್ಬು ಗಂಟಿಕ್ಕಿ ಅದನ್ನು ಕೂಡಿಸುವುದು. ಹೊರಗಿನವರ ಮುಂದೆ ಕೈ ಓಡದ ಅಪ್ಪ ಅವರ ಮುಂದೆ ಹಾಡಿಕೊಂಡು ನೇಯತೊಡಗಿದರು. ಒಮ್ಮೆ ಕ್ಯಾಮೆರಾದ ಹಿಂದಿನಿಂದ "ಆಹಾ" ಎಂದು ಸದ್ದು ಬಂತು. ಅಪ್ಪ ನನ್ನ ಕಡೆ ತಿರುಗಿ, "ಯಾನ ಕೂಸೇ, ಅಷ್ಟು ಚೆಂದಾಗದಾ?" ಎಂದು ನಾಚಿಕೊಂಡರು. ಅಪ್ಪ ನಾಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸ್ಕೂಲು ತೆರೆಯಿತು, ನಾನು ಯಳಂದೂರಿಗೆ ಹೋದೆ. ಶನಿವಾರ ಮನೆಗೆ ಬಂದಾಗ ಅವರು ಕೆಲಸ ಮುಗಿಸಿ ಹೊರಟುಹೋಗಿದ್ದರು. ಕೊನೆಯ ದಿನ ಅಮಾವಾಸ್ಯೆ ಇತ್ತು. ಅಮಾವಾಸ್ಯೆಯ ದಿನ ನಮ್ಮ ಬೀದಿಯಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಪೂಜೆ ಮಾಡಿ ಬಿಡುವು ಕೊಡುತ್ತಾರೆ. ಅವ್ವ ನಡೆದದ್ದನ್ನು ಹೇಳಿದಳು.

"ಸಾಹೇಬ್ರು ಬಂದು, ಇವತ್ತೇ ಕಡೇ ದಿನ, ಸುಮ್ನೆ ಮಗ್ಗದಲ್ಲಿ ಕುಂತ್ಕಳಿ ಯಜಮಾನ್ರೇ ಅಂದ್ರು ಕನವ್ವ. ನಿಮ್ಮಪ್ಪ, ಮಗ್ಗ ಮುಟ್ಟಾಕಿಲ್ಲ ಸಾ, ಬೇಕಾದ್ರೆ ಕೈ ಕಟ್ಕಂಡು ಕುಂತ್ಕತೀನಿ ಅಂದ್ರು. ಅದೇ ಸಾಕು ಅಂದ್ಬುಟ್ಟು ಏಣಿ ಆಕ್ಕಂಡು ಅಟ್ಟ ಅತ್ತುದ್ರು. ಅಲ್ಲಿಂದ್ಲೇ, ಯಜಮಾನ್ರೇ ಅಂತ ಕೂಗುದ್ರು. ನಿಮ್ಮಪ್ಪ ತಲೆ ಎತ್ತಿ, ಯಾನ ಸಾ? ಅಂದ್ರು. ಅಷ್ಟೇಯ. ಇಳ್ದು ಬಂದು ಕಾಪಿ ಕುಡುದ್ರು."

"ಅಟ್ಟಕ್ಕೆ ಯಾಕೆ ಹತ್ತಿದರು?"

"ಮನೆ ಅಳತೆ ಕಾಣ್ಲಿ ಅಂತಂತೆ."

ನನಗೆ ಒಂದು ಕ್ಷಣ ಏನೋ ಅನ್ನಿಸಿತು. ನಡುಮನೆಯ ಗುಂಡಿ ನೋಡಿದೆ, ಅಂಚಿನಲ್ಲಿ ಅವರು ಕೂತು ಕೂತು ನುಣುಪಾದ ಜಾಗ ನೋಡಿದೆ. ಸಮಾಧಾನವಾಯಿತು.

ಪಿಕ್ಚರ್ ಬರಲು ಬಹಳ ತಿಂಗಳು ಹಿಡಿಯಿತು. ನಾನು ಅದನ್ನು ಮೊದಲು ನೋಡಿದ್ದು ಯಳಂದೂರಿನಲ್ಲಿ. ಪ್ರಚಾರದ ವ್ಯಾನು ಬಂದು ನಮ್ಮ ಸ್ಕೂಲಿನ ಬಯಲಿನಲ್ಲಿ ಎರಡು ಹುಣಸೆಮರಕ್ಕೆ ಬಿಳಿ ಬಟ್ಟೆ ಕಟ್ಟಿತು. ಸಂಜೆ ಕತ್ತಲಾಗುತ್ತಲೇ ಶುರು. ಹೊನ್ನೂರಿನಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದಿದ್ದರು. ನಾನು ಚಿಕ್ಕಮ್ಮನ ಪಕ್ಕ ಚಾಪೆ ಹಾಸಿಕೊಂಡು ಹೆಮ್ಮೆಯಿಂದ ಕೂತೆ.

ಮೊದಲು ಸತ್ತೇಗಾಲದ ಹೊಳೆ. ಆಮೇಲೆ ಎಲ್ಲಿಯದೋ ಒಂದು ಕಾರ್ಖಾನೆ. ಯಂತ್ರಗಳನ್ನು ಕೆಳಗಿನಿಂದ ತೆಗೆದಿದ್ದರು, ಹಿಂದಿನಿಂದ ಬಿಸಿಲು ಬೀಳುತ್ತಿತ್ತು, ಒಂದೊಂದು ಯಂತ್ರವೂ ಗೋಪುರದಷ್ಟು ಎತ್ತರ ಕಾಣುತ್ತಿತ್ತು. ಅದಾದ ತಕ್ಷಣ ನಮ್ಮ ನಡುಮನೆ, ಅಟ್ಟದಿಂದ. ಕತ್ತಲೆ ಕೋಣೆಯ ತಳದಲ್ಲಿ ಒಂದು ಗುಂಡಿ. ಗುಂಡಿಯಲ್ಲಿ ಒಬ್ಬ ಮುದುಕ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಬಾಯಿ ಅರೆ ತೆರೆದು, ಮೇಲಕ್ಕೆ ನೋಡುತ್ತಿದ್ದಾನೆ. ಮತ್ತೆ ಯಂತ್ರ. ಮತ್ತೆ ಮುದುಕ. ಯಾರೋ ಗಂಭೀರ ದನಿಯಲ್ಲಿ, ಕೆಲಸವಿಲ್ಲದೆ ಕುಳಿತ ಈ ಕೈಗಳು ಹೊಸ ಯುಗವನ್ನು ಬೇಡುತ್ತಿವೆ ಎನ್ನುತ್ತಿದ್ದರು. ಅಂದು ಅಮಾವಾಸ್ಯೆ ಎಂದು ಯಾರೂ ಹೇಳಲಿಲ್ಲ. ಮೇಲಿಂದ ಕೂಗಿದ ಅತಿಥಿಗೆ ಓಗೊಟ್ಟು ಅಪ್ಪ ತಲೆ ಎತ್ತಿದ್ದು ಎಂದೂ ಯಾರೂ ಹೇಳಲಿಲ್ಲ. ಗುಂಡಿಯಲ್ಲಿ ಎದುರುಬದುರು ಕೂತು ತೆಗೆದದ್ದರಲ್ಲಿ ಒಂದು ಎಳೆಯೂ ಇರಲಿಲ್ಲ.

"ನಿಮ್ಮಪ್ಪ ಎಷ್ಟು ಚೆಂದಾಗಿ ಕಾಣ್ತಾವ್ರೆ ನೋಡೇ!" ಎಂದು ಚಿಕ್ಕಮ್ಮ ನನ್ನ ಭುಜ ಅಲುಗಿಸಿದಳು. ಜನ ಚಪ್ಪಾಳೆ ತಟ್ಟುತ್ತಿದ್ದರು, ಟೀಚರಮ್ಮನ ಅಪ್ಪ ಪರದೆಯ ಮೇಲೆ ಬಂದಿದ್ದರಲ್ಲ. ಓದು ಬಾರದವರ ನಡುವೆ ಬೈಗುಳದ ಕಾಗದ ಹಿಡಿದು ನಾನೊಬ್ಬಳೇ ಕೂತ ಹಾಗಿತ್ತು. ಓದು ಕಲಿಸಿದವರೇ ಆ ಕಾಗದ ಬರೆದಿದ್ದರು. ಅಪ್ಪನಿಗೆ ಅವಮಾನ ಮಾಡಿದ್ದಕ್ಕಿಂತ, ಅವಮಾನವೆಂದು ತಿಳಿಯುವ ವಿದ್ಯೆಯನ್ನು ನನಗೆ ಕೊಟ್ಟು ಹೀಗೆ ಮಾಡಿದರಲ್ಲ ಎಂದು ಸಿಟ್ಟು ಬಂತು.

ಆ ವಾರವೇ ವ್ಯಾನು ಕೊಳ್ಳೇಗಾಲಕ್ಕೆ ಬಂತು. ಅಪ್ಪ ಮದುವೆಗೆ ಹೊರಟವರ ಹಾಗೆ ಜರಿಯಂಚಿನ ಪಂಚೆ ಉಟ್ಟು, ಅಂಗವಸ್ತ್ರ ಹೊದ್ದು ಮುಂದೆ ಕೂತರು. ನನಗೆ ತಡೆಯಲು ಬಾಯಿ ಬರಲಿಲ್ಲ. ಬೀದಿಯವರು ಅಪ್ಪನ ಹೆಸರು ಹಿಡಿದು ಕೂಗಿದರು, ಸಿಳ್ಳೆ ಹಾಕಿದರು. ಅಪ್ಪ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಮನೆ ಬಾಗಿಲಿಗೆ ಬಂದ ಮೇಲೆ ಕೇಳಿದರು:

"ನನ್ನ ಎದುರ್ಗೆ ಕುಂತ್ಕಂಡು ಪಿಚ್ಚರ್ ಇಡುದ್ರಲ್ಲ ಕೂಸೇ, ಅದೆಲ್ಲಿ?"

ಚಿಲಕ ತೆಗೆಯುತ್ತ ಅವರೇ ಹೇಳಿಕೊಂಡರು: "ಇನ್ನೂ ಅದೆ ಕನ. ಅಷ್ಟು ದಿವ್ಸ ಇಡುದ್ದು ಇಷ್ಟೇ ಆಗಾಕಿಲ್ಲ. ಇನ್ನೊಂದು ಪಿಚ್ಚರ್ ಮಾಡ್ತಾರೆ. ಬತ್ತರೆ ಅವ್ರು."

ಅಧಿಕಾರಿಗಳು ಪಿಕ್ಚರ್ ನೋಡಿದರು, ಕಾರ್ಖಾನೆಗೆ ಒಪ್ಪಿಗೆ ಕೊಟ್ಟರು. ಬೀದಿಯಲ್ಲಿ ಒಂದೊಂದೇ ಮನೆಯ ಸದ್ದು ನಿಂತಿತು. ಕೆಲವರು ಕಾರ್ಖಾನೆಗೆ ಸೇರಿದರು, ಕೆಲವರು ಮಧುವನಹಳ್ಳಿ ಕಡೆ ಹೊಲದ ಗೆಯ್ಮೆಗೆ ಹೋದರು. ಒಂದೇ ಒಂದು ಪಿಕ್ಚರ್‌ನಿಂದ ಇಷ್ಟೆಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಪರವಾಗಿ ಆಡಬೇಕಾಗಿದ್ದ ಒಂದು ಬಾಯಿ ಇತ್ತು, ಅದು ಆಚೆ ಕಡೆಯವರ ಮಾತಾಡಿತು. ಅಪ್ಪ ನೇಯುತ್ತಲೇ ಇದ್ದರು. ಎದುರಿನ ಗುಂಡಿಯನ್ನು ಮುಚ್ಚಲು ಬಿಡಲಿಲ್ಲ. ಕತ್ತಲಲ್ಲಿ ಯಾರಾದರೂ ಬಿದ್ದಾರೆಂದು ಅದರ ಮೇಲೆ ಹಲಗೆ ಹಾಕಿ, ಶುಕ್ರವಾರ ಮಗ್ಗಕ್ಕೆ ಹೂವಿಟ್ಟಾಗ ಹಲಗೆಯ ಮೇಲೂ ಒಂದು ಹೂವಿಡುತ್ತಿದ್ದರು. ಆ ಹೂವು ಕಂಡಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಎಪ್ಪತ್ತನೇ ಇಸವಿಯ ನಂತರ ಕ್ಯಾಮೆರಾ ಸಾಹೇಬರು ದೊಡ್ಡ ಹೆಸರಾದರು. ಹನೂರಿನ ಆಚೆ ಕಾಡಿನಲ್ಲಿ ಯಾವುದೋ ಕಥಾಚಿತ್ರದ ಶೂಟಿಂಗ್‌ಗೆ ಹೋಗುತ್ತ ಒಂದು ಭಾನುವಾರ ನಮ್ಮ ಮನೆ ಮುಂದೆ ಜೀಪು ನಿಲ್ಲಿಸಿದರು. ಮೈ ತುಂಬಿತ್ತು, ತಲೆ ನರೆತಿತ್ತು, ಬಾಯಲ್ಲಿ ಅದೇ ಲವಂಗ. ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಒಳಗೆ ಅಪ್ಪನ ಲಾಳಿ ಓಡುತ್ತಿತ್ತು.

"ಟೀಚರಮ್ಮ, ನಿಮಗೆ ನನ್ನ ಮೇಲೆ ಕೋಪ ಇರುತ್ತೆ" ಎಂದರು, ನಿಂತೇ. "ಆ ಪಿಕ್ಚರ್ ಜೋಡಿಸಿದ್ದು ನಾನಲ್ಲ. ಕತ್ತರಿ ಬೇರೆಯವರ ಕೈಲಿತ್ತು."

"ಅಟ್ಟ ಹತ್ತಿದ್ದು ಕತ್ತರೀನಾ ಸಾರ್?"

ಅವರು ಬೀದಿ ಕಡೆ ನೋಡಿದರು. "ಮೇಲಿಂದ ಒಂದು ಬೇಕು ಅಂತ ಮೊದಲೇ ಹೇಳಿ ಕಳಿಸಿದ್ದರು."

"ಮೊದಲೇ ಅಂದರೆ? ಗುಂಡಿ ತೋಡೋದಕ್ಕೂ ಮುಂಚೆ?"

"ಹೂಂ. ಮೈಸೂರು ಬಿಡೋವಾಗಲೇ ಗೊತ್ತಿತ್ತು."

"ಮತ್ತೆ ನಮ್ಮಪ್ಪನ ಕೈಲಿ ಮನೆ ಅಗೆಸಿದ್ದು ಯಾಕೆ?"

ಬಾಯಲ್ಲಿದ್ದ ಲವಂಗ ಉಗುಳಿ ಹೇಳಿದರು: "ಒಂದು ಸಲವಾದರೂ ಸರಿಯಾಗಿ ತೆಗೀಬೇಕು ಅನ್ನಿಸ್ತು. ಯಾರೂ ಅದನ್ನ ಇಟ್ಟುಕೊಳ್ಳಲ್ಲ ಅಂತ ಗೊತ್ತಿತ್ತು. ಅದು ನನಗೋಸ್ಕರ ತೆಗೆದದ್ದು."

ಅವರಿಗೋಸ್ಕರ. ನಮ್ಮ ನೆಲ, ನಮ್ಮವ್ವ ಒಡೆದ ಕಾಯಿ, ಅಪ್ಪನ ನಾಚಿಕೆ, ಎಲ್ಲ ಅವರ ಮನಸ್ಸಿನ ಸಂತೋಷಕ್ಕೆ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ಅಷ್ಟರಲ್ಲಿ ಒಳಗಿನಿಂದ ಲಾಳಿಯ ಸದ್ದು ನಿಂತಿತು.

"ಯಾರು ಕೂಸೇ ಅದು? ದನಿ ಗೊತ್ತಾಯ್ತದಲ್ಲ. ಬನ್ನಿ ಸಾ, ಬನ್ನಿ, ಒಳಕ್ಕೆ ಬನ್ನಿ!"

ಅವರು ಒಳಗೆ ಹೋದರು, ನಾನು ಹಿಂದೆ ಹೋದೆ. ಅಪ್ಪ ಗುಂಡಿಯಿಂದ ಏಳಲಾಗದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಮುಖ ಮೇಲೆತ್ತಿ, ಅವರನ್ನೇ ನೋಡುತ್ತಿದ್ದರು. ಪರದೆಯ ಮೇಲೆ ಕಂಡ ಅದೇ ಚಿತ್ರ. ಅವರಿಗೂ ಅದು ಕಂಡಿತು. ಅವರ ಕೈ ಬಾಗಿಲಿನ ಚೌಕಟ್ಟನ್ನು ಹಿಡಿದುಕೊಂಡಿತು.

"ನಿಮ್ಮ ಗುಂಡಿ ಅಂಗೇ ಮಡಗಿವ್ನಿ ಸಾ. ಅಲಗೆ ತಗುದ್ರಾಯ್ತು. ಕುಂತ್ಕಳಿ."

ಬೀದಿಯ ಪುಟ್ಟ ಮಗುವಿಗೂ ಧೂಳಿನಲ್ಲಿ ಕುಕ್ಕುರುಗಾಲಲ್ಲಿ ಕೂರುತ್ತಿದ್ದ ಮನುಷ್ಯ ಅವರು. ಅಂದು ಕೂರಲಿಲ್ಲ. ಬಾಗಲೂ ಇಲ್ಲ. ಹಲಗೆಯ ಮೇಲಿನ ಹೂವು ನೋಡಿದರು, "ಜೀಪು ಕಾಯ್ತಿದೆ ಯಜಮಾನರೇ, ಬರುವಾಗ ಬರ್ತೀನಿ" ಎಂದರು, ಹೊರಟುಹೋದರು.

ಅಪ್ಪ ಜೀಪಿನ ಸದ್ದು ಬೀದಿ ದಾಟುವವರೆಗೆ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ ಲಾಳಿ ಕೈಗೆತ್ತಿಕೊಂಡು, ನೇಯದೆ ಹಾಗೇ ಹಿಡಿದುಕೊಂಡು, ನನ್ನ ಕಡೆ ತಿರುಗದೆ ಹೇಳಿದರು:

"ನಾಳಿಕೆ ಒಂದು ಗಾಡಿ ಮಣ್ಣು ತರ್ಸು ಕೂಸೇ. ಅದ ಮುಚ್ಬುಡವ."